ಬಸದಿ ಹೋಯಿತು, ಪಾದ ಉಳಿಯಿತು

ಶಕವರ್ಷ 803, ಅಂದರೆ ಕ್ರಿ.ಶ. 881. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನ ಕಾಲ ಮುಗಿದು ಅವನ ಮಗ ಇಮ್ಮಡಿ ಕೃಷ್ಣ ಪಟ್ಟದಲ್ಲಿದ್ದ. ಆ ವರ್ಷ ಕೊಪಣದಲ್ಲಿ ಸರ್ವಣಂದಿ ಭಟಾರರೆಂಬ ಜೈನ ಮುನಿ ದೇಹ ಬಿಟ್ಟರು. ಇವರು ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರು. ಬೇರೆ ಕಡೆಯಿಂದ ಬಂದು ಇಲ್ಲಿ ನಿಂತರು, ಊರ ಜನಕ್ಕೆ ಶಾಸ್ತ್ರ ಹೇಳಿದರು, ಬಹುಕಾಲ ತಪಸ್ಸು ಮಾಡಿದರು, ಕೊನೆಗೆ ಅನ್ನ ನೀರು ತೊರೆದು ಮುಡಿಪಿದರು. ಇಷ್ಟನ್ನು ಬಂಡೆಯ ಮೇಲೆ ಕೆತ್ತಿಸಿಟ್ಟಿದ್ದಾರೆ. ಯಾವ ಯುದ್ಧದ ಸುದ್ದಿಯೂ ಇದರಲ್ಲಿಲ್ಲ, ಯಾವ ಅರಸನ ಬಿರುದಾವಳಿಯೂ ಇಲ್ಲ. ಊರಿಗೆ ಪಾಠ ಹೇಳಿದ ಒಬ್ಬ ಮನುಷ್ಯ ಹೇಗೆ ಸತ್ತನೆಂಬುದನ್ನು ಊರು ಮರೆಯಬಾರದೆಂದು ಯಾರೋ ಉಳಿ ಹಿಡಿದರು.

ಆ ಕೊಪಣವೇ ಇಂದಿನ ಕೊಪ್ಪಳ. ತುಂಗಭದ್ರೆಯ ಉತ್ತರಕ್ಕೆ, ಗುಂಡುಗಲ್ಲಿನ ಗುಡ್ಡಗಳ ನಡುವೆ ಇರುವ ಈ ಊರು ಒಂದು ಕಾಲಕ್ಕೆ ಕನ್ನಡ ನಾಡಿನ ಜೈನರಿಗೆ ಮಹಾತೀರ್ಥ. ಶ್ರವಣಬೆಳಗೊಳದ ಹೆಸರು ಇಂದು ಎಲ್ಲರಿಗೂ ಗೊತ್ತು. ಆದರೆ ಹೊಯ್ಸಳರ ಕಾಲದಲ್ಲಿ ಬೆಳಗೊಳದ ಶಾಸನಗಳನ್ನು ಬರೆದವರೇ ಹಿರಿಮೆಗೆ ಮಾದರಿ ಬೇಕಾದಾಗ ಕೊಪಣದ ಕಡೆ ಕೈ ತೋರಿಸಿದರು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹಾಳುಬಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿದಾಗ ಅವನನ್ನು ಹೊಗಳಿದ್ದು ಗಂಗವಾಡಿ ತೊಂಬತ್ತಾರುಸಾಸಿರವನ್ನು ಕೊಪಣದಂತೆ ಮಾಡಿದನೆಂದು. ನಾವು ಇಂದು ಯಾವ ಊರನ್ನು ನೋಡಿ ಬೆರಗಾಗುತ್ತೇವೆಯೋ ಆ ಊರು ಕೊಪಣವನ್ನು ನೋಡಿ ಬೆರಗಾಗಿತ್ತು.

ಗುಡ್ಡಗಳು ಮಾತ್ರ ಜೈನರಿಗಿಂತ ಹಳೆಯವು, ಅವುಗಳ ಮೇಲಿನ ಬರಹವೂ ಹಳೆಯದೇ. ಗವಿಮಠದ ಗುಡ್ಡದಲ್ಲೂ ಅದರಾಚೆಯ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರು ಬಂಡೆಶಾಸನಗಳಿವೆ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಪಾಲ್ಕಿಗುಂಡಿನ ರೂಪವೇ ವಿಚಿತ್ರ: ದೊಡ್ಡ ಗುಂಡುಗಳ ಮೇಲೆ ಅಗಲವಾದ ಚಪ್ಪಡಿ ಬಂಡೆಯೊಂದು ಹೊರಚಾಚಿ ಕೂತಿದೆ. ಕೆಳಗಿನಿಂದ ನೋಡಿದರೆ ಮೇಣೆಯ ಮೇಲ್ಚಾವಣಿಯಂತೆ ಕಾಣುತ್ತದೆ, ಹೆಸರು ಬಂದದ್ದು ಹಾಗೆ. ಆ ಚಪ್ಪಡಿಯ ನೆರಳಿನಲ್ಲಿ ಅಶೋಕನ ಸಾಲುಗಳು. ಸಂಘದ ಹತ್ತಿರ ಬಂದ ಮೇಲೆ ಧರ್ಮದಲ್ಲಿ ಹೆಚ್ಚು ಶ್ರಮಪಟ್ಟೆ, ಇದು ದೊಡ್ಡವರಿಂದ ಮಾತ್ರವಲ್ಲ, ಸಣ್ಣವರಿಂದಲೂ ಆಗುತ್ತದೆ ಎಂದು ಆ ಅರಸ ತನ್ನ ಅಧಿಕಾರಿಗಳ ಮೂಲಕ ಊರೂರಿಗೆ ಹೇಳಿಸಿದ. ಸಾವಿರ ವರ್ಷ ಕಳೆದ ಮೇಲೆ ಜೈನ ಮುನಿಗಳು ಅದೇ ಗುಡ್ಡಗಳಿಗೆ ಬಂದರು. ಗವಿ, ನೆರಳು, ಮಳೆನೀರು ನಿಲ್ಲುವ ದೊಣೆ, ಊರು ಕೂಗಳತೆಯಲ್ಲಿ, ಆದರೆ ಊರಿನ ಗದ್ದಲ ಮಾತ್ರ ಇಲ್ಲ. ಭಿಕ್ಷೆಗೆ ಇಳಿದು, ಧ್ಯಾನಕ್ಕೆ ಹತ್ತುವ ಬದುಕಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಊರೂ ಸಣ್ಣದಾಗಿರಲಿಲ್ಲ. ಒಂಬತ್ತನೆಯ ಶತಮಾನದ ನಡುವಿನ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಕೊಪಣನಗರವನ್ನು ಹೆಸರಿಸುತ್ತದೆ. ಸರ್ವಣಂದಿ ಭಟಾರರು ಶಾಸ್ತ್ರ ಹೇಳಿದ್ದು ಇಂಥ ಕನ್ನಡದ ಕೇಳುಗರಿಗೆ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಆಸ್ಥಾನಗಳಿಗೆ ಕೊಟ್ಟ ಜಾಗದಲ್ಲಿ ಸ್ವಲ್ಪವನ್ನು ಇಂಥ ಗುಡ್ಡದ ಬುಡದ ಪಾಠಗಳಿಗೂ ಕೊಡಬೇಕಿತ್ತೆಂದು ನನಗೆ ಅನ್ನಿಸುತ್ತದೆ. ಸಂಸ್ಕೃತ, ಪ್ರಾಕೃತ ಓದಿದ ಮುನಿ ಕನ್ನಡದ ಜನಕ್ಕೆ ಅರ್ಥವಾಗುವಂತೆ ವರ್ಷಗಟ್ಟಲೆ ಮಾತಾಡಿದರೆ ಆ ಭಾಷೆಗೆ ಬರುವ ಕಸುವು ಸಾಮಾನ್ಯದ್ದಲ್ಲ.

ಪಾಲ್ಕಿಗುಂಡಿನ ಗುಡ್ಡದ ಮೇಲೆಯೇ ಕಲ್ಲಿನಲ್ಲಿ ಕೊರೆದ ಎರಡು ಪಾದಗಳಿವೆ. ಅವುಗಳ ಹತ್ತಿರ ಹಳಗನ್ನಡದಲ್ಲಿ ಪುಟ್ಟ ಬರಹ. ಜಟಾಸಿಂಗಣಂದ್ಯಾಚಾರ್ಯರ ಪಾದವನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅದರ ತಾತ್ಪರ್ಯ. ಚಾವಯ್ಯ ಯಾರ ಮಗ, ಯಾವ ಊರಿನವನು ಎಂಬ ವಿವರವನ್ನು ಅವನು ಬರೆಸಲಿಲ್ಲ. ಗುರುವಿನ ಹೆಸರು, ತನ್ನ ಹೆಸರು, ಅಷ್ಟೇ. ಜಟಾಸಿಂಹನಂದಿಗಳು ಸುಮಾರು ಏಳನೆಯ ಶತಮಾನದವರು, ಸಂಸ್ಕೃತದ ‘ವರಾಂಗಚರಿತ’ ಕಾವ್ಯವನ್ನು ಬರೆದವರು. ಜಿನಸೇನರು ತಮ್ಮ ಆದಿಪುರಾಣದಲ್ಲಿ ಇವರ ಅಲುಗುವ ಜಟೆಯನ್ನು ನೆನೆದು ಕೈಮುಗಿದಿದ್ದಾರೆ, ಚಾವುಂಡರಾಯನೂ ನೆನೆದಿದ್ದಾನೆ. ಆದರೂ ಕಾವ್ಯವೇ ಕಣ್ಮರೆಯಾಗಿ, ಬೇರೆಯವರ ಉಲ್ಲೇಖಗಳಲ್ಲಷ್ಟೇ ಅದರ ಹೆಸರು ಉಳಿದಿತ್ತು. ಬೆಳಗಾವಿ ಸೀಮೆಯ ಸದಲಗಾದಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಆ.ನೇ. ಉಪಾಧ್ಯೆಯವರು ತಾಳೆಗರಿಯ ಪ್ರತಿ ಹಿಡಿದು ಅದನ್ನು ಸಂಪಾದಿಸಿ 1938ರಲ್ಲಿ ಅಚ್ಚು ಹಾಕಿಸಿದರು. ಕವಿ ಯಾರೆಂದು ತಿಳಿಯಲು ಅವರು ಹಿಡಿದ ಎಳೆಗಳಲ್ಲಿ ಕೊಪ್ಪಳದ ಈ ಪಾದವೂ ಒಂದು. ಕಾವ್ಯ ಮಠದ ಕಪಾಟಿನಲ್ಲಿ ಮರೆತುಹೋಗಿದ್ದಾಗ ಕವಿಯ ಪಾದ ಬಿಸಿಲು ಮಳೆಗೆ ಮೈಯೊಡ್ಡಿ ಗುಡ್ಡದ ಮೇಲೆ ಕಾದಿತ್ತು.

ಕೊಪಣಕ್ಕೆ ಮುನಿಗಳು ಬದುಕಲು ಮಾತ್ರವಲ್ಲ, ಸಾಯಲೂ ಬರುತ್ತಿದ್ದರು. ಇಲ್ಲಿನ ಚರಿತ್ರೆಯ ತಿರುಳು ಇದೇ ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ವ್ರತದಿಂದ ಸಾಯುವುದಕ್ಕೆ ಜೈನ ಶಾಸ್ತ್ರ ಮೂರು ಕ್ರಮಗಳನ್ನು ಹೇಳುತ್ತದೆ. ಆಹಾರವನ್ನು ಮೆಲ್ಲಗೆ ಬಿಡುತ್ತ ತನ್ನ ಮತ್ತು ಇತರರ ಉಪಚಾರ ಎರಡನ್ನೂ ಒಪ್ಪಿಕೊಳ್ಳುವುದು ಭಕ್ತಪ್ರತ್ಯಾಖ್ಯಾನ. ಗೊತ್ತುಮಾಡಿಕೊಂಡ ಎಲ್ಲೆಯನ್ನು ದಾಟದೆ, ಬೇರೆಯವರ ಕೈಯಿಂದ ಉಪಚಾರ ಪಡೆಯದೆ, ತನ್ನದನ್ನು ತಾನೇ ನೋಡಿಕೊಂಡು ಸಾಯುವುದು ಇಂಗಿನೀಮರಣ. ಪರರ ಉಪಚಾರವನ್ನೂ ತನ್ನ ಉಪಚಾರವನ್ನೂ ಬಿಟ್ಟು ನಿಶ್ಚಲವಾಗಿರುವುದು ಪ್ರಾಯೋಪಗಮನ. ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳೂ ಇಂಥ ಕಡೆಗಾಲದ ಧೈರ್ಯವನ್ನೇ ಹೇಳುತ್ತವೆ. ಓದುವಾಗ ಅವು ದೂರದ ಉಜ್ಜಯಿನಿಯ, ಪಾಟಲೀಪುತ್ರದ ಕಥೆಗಳೆನಿಸಬಹುದು. ಕೊಪಣದ ಗುಡ್ಡದಲ್ಲಿ ಅದು ನಡೆದ ಸಂಗತಿ.

ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1008ರಿಂದ ಮುಂದಿನ ಕೆಲವು ವರ್ಷಗಳೊಳಗೆ, ಸಿಂಹನಂದಿ ಎಂಬ ಆಚಾರ್ಯರು ಇಲ್ಲಿ ಇಂಗಿನೀಮರಣದ ವ್ರತ ಹಿಡಿದರು. ಒಂದು ತಿಂಗಳು ನಡೆಯಿತು. ನಾಲ್ವರು ಹತ್ತಿರವಿದ್ದು ವಿಧಿಯನ್ನು ನಡೆಸಿಕೊಟ್ಟರು. ಅವರ ಹೆಸರುಗಳನ್ನೂ ಕಲ್ಲು ಹೇಳುತ್ತದೆ: ಸಿಂಹನಂದಿ ಅಣ್ಣ, ಮತಿಸಾಗರ ಅಣ್ಣ, ನರಲೋಕಮಿತ್ರ, ಬ್ರಹ್ಮಚಾರಿ ಅಣ್ಣ. ಗುರುಗಳು ದೇಹ ಬಿಟ್ಟ ಜಾಗದಲ್ಲಿ ಕಲ್ಯಾಣಕೀರ್ತಿಗಳು ಜಿನಚೈತ್ಯವನ್ನು ನಿಲ್ಲಿಸಿದರು. ಅನ್ನ ಕೊಡುವಂತಿಲ್ಲ, ಮೈ ಒರೆಸುವಂತಿಲ್ಲ, ಎತ್ತಿ ಕೂರಿಸುವಂತಿಲ್ಲ. ಮುಟ್ಟದೆ, ಬಿಟ್ಟೂ ಹೋಗದೆ ಒಂದು ತಿಂಗಳು ಪಕ್ಕದಲ್ಲಿರುವುದು ಎಂಥ ಸೇವೆ! ಶಾಸನ ಬರೆದವನಿಗೆ ಅದರ ಬೆಲೆ ಗೊತ್ತಿತ್ತು. ಅದಕ್ಕೇ ಆಚಾರ್ಯರ ಹೆಸರಿನ ಜೊತೆಗೆ ಈ ಅಣ್ಣಂದಿರ ಹೆಸರುಗಳನ್ನೂ ಸೇರಿಸಿದ. ಈ ವ್ರತವನ್ನು ಒಪ್ಪುವುದು ಬಿಡುವುದು ಅವರವರ ವಿವೇಕಕ್ಕೆ ಬಿಟ್ಟ ಮಾತು. ಆ ನಾಲ್ವರ ನಿಷ್ಠೆಯ ಎದುರು ಮಾತ್ರ ನನ್ನ ತಲೆ ತಾನಾಗಿ ಬಾಗುತ್ತದೆ.

ಇಂಥ ಮುನಿಗಳು ಬಿಟ್ಟುಹೋದದ್ದು ಎಷ್ಟು ಕಡಿಮೆಯೆಂದು ತಿಳಿಯಲು ಬೇರೆ ನಾಡಿನ ಮಠಗಳ ಪಕ್ಕದಲ್ಲಿಟ್ಟು ನೋಡಬೇಕು. ಅದೇ ನಡುಗಾಲದಲ್ಲಿ ಯುರೋಪಿನ ಕ್ರೈಸ್ತ ಮಠಗಳೂ ಬೆಳೆದಿದ್ದವು. ಅವುಗಳ ಪಾಳುಗಳಲ್ಲಿ ಪ್ರಾರ್ಥನಾಮಂದಿರ, ಊಟದ ಮನೆ, ಕಣಜಗಳ ಜೊತೆಗೆ ಕಲ್ಲಿನ ಪಾರಿವಾಳದ ಮನೆಗಳೂ ಸಿಗುತ್ತವೆ. ಗುಂಡಗಿನ ಗೋಪುರ, ಒಳಗೋಡೆಯ ತುಂಬ ಗೂಡಿನ ತೂತುಗಳು. ಇಂಗ್ಲೆಂಡಿನ ಗಾರ್ವೇ ಎಂಬಲ್ಲಿ ಧರ್ಮಯೋಧ ಸಂನ್ಯಾಸಿಗಳು 1326ರಲ್ಲಿ ಕಟ್ಟಿಸಿದ ಇಂಥದೊಂದು ಮನೆ ಇನ್ನೂ ನಿಂತಿದೆ, ಅದರಲ್ಲಿ 666 ಗೂಡುಗಳಿವೆ. ಮರಿಗಳ ಮಾಂಸ ಊಟಕ್ಕೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಕಟ್ಟಿದವನ ಹೆಸರನ್ನು ಅಲ್ಲೂ ಬಾಗಿಲ ಮೇಲೆ ಕೆತ್ತಿದ್ದಾರೆ. ಗಾರ್ವೇಯ ಸಂನ್ಯಾಸಿಗಳಿಗೆ ಹೊಲವಿತ್ತು, ಹೊಲಕ್ಕೆ ಗೊಬ್ಬರ ಬೇಕಿತ್ತು, ಹಸಿದ ಬಾಯಿಗಳಿದ್ದವು, ಆದ್ದರಿಂದ ಅವರ ಮಠದ ಪಾಳು ಗಟ್ಟಿಯಾಗಿ ಉಳಿಯಿತು. ಕೊಪಣದ ದಿಗಂಬರ ಮುನಿಗೆ ನವಿಲುಗರಿಯ ಪಿಂಛ, ಕಮಂಡಲುಗಳ ಹೊರತು ಕೈಯಲ್ಲಿ ಏನೂ ಇರುವಂತಿಲ್ಲ. ದಿನಕ್ಕೊಮ್ಮೆ, ನಿಂತೇ, ಬೊಗಸೆಯಲ್ಲಿ ಊಟ. ಅಂಥವರು ಬಿಟ್ಟುಹೋಗಲು ಇದ್ದದ್ದು ಹೆಸರು ಮತ್ತು ಪಾದ.

ಪಾರಿವಾಳ ಜೈನರ ನೆನಪಿನಲ್ಲೂ ಇದೆ, ಬೇರೆ ರೀತಿಯಲ್ಲಿ. ಹದಿನಾರನೆಯ ತೀರ್ಥಂಕರ ಶಾಂತಿನಾಥನು ಹಿಂದಿನ ಜನ್ಮದಲ್ಲಿ ಮೇಘರಥನಾಗಿದ್ದಾಗ ಗಿಡುಗಕ್ಕೆ ಹೆದರಿ ಬಂದ ಪಾರಿವಾಳಕ್ಕೆ ಅಭಯ ಕೊಟ್ಟನೆಂದು ಪುರಾಣಗಳು ಹೇಳುತ್ತವೆ. ಆ ಶಾಂತಿನಾಥನ ಚರಿತೆಯನ್ನು ಕನ್ನಡದಲ್ಲಿ ಬರೆದವನು ಪೊನ್ನ. ಅವನ ಶಾಂತಿಪುರಾಣ ಅಳಿದುಹೋಗದಿರಲೆಂದು ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅತ್ತಿಮಬ್ಬೆ. ಅಚ್ಚುಮನೆ ಇಲ್ಲದ ಕಾಲದಲ್ಲಿ ಒಬ್ಬ ವಿಧವೆ ಎತ್ತಿಕೊಂಡ ಕೆಲಸ ಅದು. ಆ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣ ಮುಗಿಸಿದ. ಅವಳ ಶೀಲ ಎಷ್ಟು ಪವಿತ್ರ ಎಂದು ಹೇಳಲು ಹೊರಟಾಗ ಅವನು ಹುಡುಕಿ ತಂದ ಹೋಲಿಕೆಗಳಲ್ಲಿ ಕೊಪಣದ ಬೆಟ್ಟವೂ ಒಂದು. ಮುಧೋಳದಲ್ಲಿ ಹುಟ್ಟಿದ ಕವಿ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಿ, ಇಬ್ಬರಿಗೂ ಅರ್ಥವಾಗುವ ಪಾವಿತ್ರ್ಯದ ಅಳತೆಗೋಲು ಈ ಗುಂಡುಗಲ್ಲಿನ ಗುಡ್ಡವಾಗಿತ್ತು.

ಮುನಿಗಳಿಗೆ ಹಣ ಬೇಡ, ನಿಜ. ಬಸದಿಗೆ ಬೇಕು. ದೀಪಕ್ಕೆ ಎಣ್ಣೆ, ಪೂಜೆಗೆ ಅಕ್ಕಿ, ಸೋರುವ ಚಾವಣಿಗೆ ಗಾರೆ, ಬಂದ ಸಂಘಕ್ಕೆ ಆಹಾರದಾನ, ಓದುವವರಿಗೆ ಗರಿ ಕಂಟ. ಇದೆಲ್ಲ ನಡೆಯುತ್ತಿದ್ದದ್ದು ದತ್ತಿಗಳಿಂದ. ಹೊಯ್ಸಳರ ಭಂಡಾರಿ ಹುಳ್ಳ ಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದ. 1159ರ ಶಾಸನ ಅವನ ಧರ್ಮಕಾರ್ಯಗಳನ್ನು ಹೇಳುತ್ತ, ಕೊಪಣ ಮಹಾತೀರ್ಥದ ಇಪ್ಪತ್ತನಾಲ್ವರು ಜಿನಮುನಿಗಳ ಸಂಘಕ್ಕೆ ಬಹಳ ಹೊನ್ನು ಕೊಟ್ಟು ಅಕ್ಷಯವಾದ ದತ್ತಿ ಬಿಟ್ಟನೆಂದು ಸೇರಿಸುತ್ತದೆ. ಕೊಪಣ ಆಗ ಹೊಯ್ಸಳರ ನಾಡಲ್ಲ, ಕಲ್ಯಾಣವನ್ನು ಆಳುವವರ ನಾಡು. ಎರಡೂ ಕಡೆಯ ದಂಡುಗಳು ಪದೇಪದೇ ಬಡಿದಾಡಿದ ಗಡಿಯನ್ನು ಹುಳ್ಳನ ಹೊನ್ನು ದಾಟಿ ಬಂತು. ಇಂಥ ತೀರ್ಥಗಳಿಗೆ ರಾಜ್ಯದ ಎಲ್ಲೆ ಬೇರೆ, ಭಕ್ತರ ಎಲ್ಲೆ ಬೇರೆ.

ದಂಡುಗಳು ಬಸದಿಗಳನ್ನು ಬಿಟ್ಟವೆಂದಲ್ಲ. ಪಕ್ಕದ ಬೆಳ್ವೊಲ ನಾಡಿಗೆ ಚೋಳರು ನುಗ್ಗಿ ಗಂಗ ಪೆರ್ಮಾಡಿ ಕಟ್ಟಿಸಿದ್ದ ಬಸದಿಯೂ ಸೇರಿ ಜಿನಾಲಯಗಳನ್ನು ಸುಟ್ಟರೆಂದು ಗಾವರವಾಡದ 1071ರ ಸುಮಾರಿನ ಶಾಸನ ನೋವಿನಿಂದ ಹೇಳುತ್ತದೆ. ಸುಟ್ಟದ್ದನ್ನು ಮತ್ತೆ ಎತ್ತಿದ್ದನ್ನೂ ಅದೇ ಶಾಸನ ಹೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಬಿದ್ದ ಬಸದಿಯನ್ನು ಎತ್ತುವ ಕೈಗಳಿದ್ದವು. ಎರಡು ಮೂರು ಶತಮಾನ ಕಳೆಯುವಷ್ಟರಲ್ಲಿ ಆ ಕೈಗಳು ಕಡಿಮೆಯಾದವು. ಕೊಪಣದ ಅಳಿವನ್ನು ನಾನು ಓದಿಕೊಳ್ಳುವುದು ಹೀಗೆ. ಒಂದೇ ದಿನ ಯಾರೋ ಬಂದು ಅದನ್ನು ನೆಲಸಮ ಮಾಡಿದರೆಂಬ ಕಥೆ ಬೇಕಾಗಿಲ್ಲ.

ಸುತ್ತಲ ನಾಡಿನಲ್ಲಿ ನಡೆದದ್ದನ್ನು ನೋಡಿ. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದಿಂದಲೇ ನವಲಿಂಗ, ಕಲ್ಲೇಶ್ವರ ಗುಡಿಗಳಿದ್ದವು. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದ. ಅದರ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ, ಹೋಗಿ ನೋಡಿದವರಿಗೆ ಆ ಮಾತು ಹೆಚ್ಚಾಯಿತೆನಿಸುವುದಿಲ್ಲ. ಗುಡಿಯ ಜೊತೆಗೆ ಮಠವೂ ಎದ್ದಿತು. ಯಲಬುರ್ಗಾ ಆಗ ಎರಂಬರಗೆ, ಸಿಂದ ಮಾಂಡಲಿಕರ ರಾಜಧಾನಿ. ಅಧಿಕಾರವೂ ಹಣವೂ ಶೈವ ಮಠಗಳ ಕಡೆ ಹರಿಯಿತು. ಹನ್ನೆರಡನೆಯ ಶತಮಾನದ ನಡುವೆ ಕಲ್ಯಾಣದಲ್ಲಿ ಶರಣರು ಎದ್ದರು. ವ್ಯಾಪಾರಿ, ಗಾಣಿಗ, ನೇಕಾರ, ಒಕ್ಕಲಿಗ ಎಲ್ಲರಿಗೂ ತಮ್ಮ ಮಾತಿನಲ್ಲೇ ಧರ್ಮ ಸಿಕ್ಕಿತು. ಸರ್ವಣಂದಿ ಭಟಾರರು ಊರ ಜನಕ್ಕೆ ಶಾಸ್ತ್ರ ಹೇಳಿದ ಆ ಕೆಲಸವನ್ನು ಈಗ ಬೇರೆಯವರು ಇನ್ನೂ ನೇರವಾಗಿ ಮಾಡತೊಡಗಿದರು. ಕೆಲವೆಡೆ ಜೈನರಿಗೂ ಶೈವರಿಗೂ ಜಗಳಗಳೂ ಆದವು, ಶೈವ ಭಕ್ತ ಏಕಾಂತದ ರಾಮಯ್ಯನ ಅಬ್ಬಲೂರಿನ ಶಾಸನವೇ ಅದಕ್ಕೆ ಸಾಕ್ಷಿ. ಆದರೆ ತೀರ್ಥವೊಂದು ಸೊರಗಲು ಜಗಳವೇ ಬೇಕಿಲ್ಲ. ದತ್ತಿ ಬಿಡುವ ಮನೆತನ ಬೇರೆ ಬಾಗಿಲಿಗೆ ನಡೆದರೆ ಸಾಕು.

ಕೊಪಣ ತಟ್ಟನೆ ಬರಿದಾಗಲಿಲ್ಲ ಎನ್ನಲು ಎರಡು ಪ್ರತಿಮೆಗಳ ಪೀಠದ ಬರಹಗಳಿವೆ. ಮಾದಣ ದಂಡನಾಯಕ ಕಟ್ಟಿಸಿದ ಬಸದಿಗೆ ಬೋಪಣ್ಣನೆಂಬವನು ಇಪ್ಪತ್ತನಾಲ್ಕು ತೀರ್ಥಂಕರರ ಚೌವೀಸ ಪ್ರತಿಮೆ ಮಾಡಿಸಿಕೊಟ್ಟ. ಎರಂಬರಗೆಯ ಸೇನಬೋವ ಆಚಣ್ಣನ ಮಗ ದೇವಣ್ಣ ಸಿದ್ಧಚಕ್ರ ಮತ್ತು ಶ್ರುತಪಂಚಮಿಯ ನೋಂಪಿಗಳನ್ನು ಮುಗಿಸಿ ಪಂಚಪರಮೇಷ್ಠಿ ಪ್ರತಿಮೆ ಕೊಟ್ಟ. ಸಿಂದರ ರಾಜಧಾನಿಯ ಲೆಕ್ಕ ಬರೆಯುವ ಮನೆಯಲ್ಲಿ ನೋಂಪಿ ಇನ್ನೂ ನಡೆದಿತ್ತು ಎಂಬುದು ದೊಡ್ಡ ಸಂಗತಿ. ಆ ಮೇಲೆ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಗಿ ವಿಜಯನಗರದ ಬುಕ್ಕರಾಯ ಇಬ್ಬರ ಕೈಯನ್ನೂ ಹಿಡಿದು ರಾಜಿ ಮಾಡಿದನಲ್ಲ, ಆ ಬೆಳಗೊಳದ ಶಾಸನದಲ್ಲಿ ದೂರು ತಂದ ಜೈನರ ಊರುಗಳ ಹೆಸರುಗಳಿವೆ: ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ. ಉಳಿದವರೆಲ್ಲ ಸಮಸ್ತ ನಾಡಿನವರೆಂಬ ಒಂದೇ ಮಾತಿನಲ್ಲಿ ಸೇರಿದ್ದಾರೆ. ಗಂಗಾವತಿ ಪಕ್ಕದ ಆನೆಗೊಂದಿಯನ್ನು ಮೊದಲು ಹೇಳಿದವರಿಗೆ ಕೊಪಣವನ್ನು ಬೇರೆಯಾಗಿ ಹೇಳಬೇಕೆನಿಸಲಿಲ್ಲ. ಇನ್ನೂರೈವತ್ತು ವರ್ಷಗಳ ಹಿಂದೆ ಗಂಗರಾಜನ ಕಾಲದಲ್ಲಿ ಇದನ್ನು ಊಹಿಸಲೂ ಆಗುತ್ತಿರಲಿಲ್ಲ.

ಮುಂದಿನ ಕೊಪ್ಪಳ ಕೋಟೆಯ ಊರು. ಟಿಪ್ಪು 1786ರಲ್ಲಿ ಫ್ರೆಂಚ್ ಎಂಜಿನಿಯರುಗಳಿಂದ ಕೋಟೆಯನ್ನು ಬಲಪಡಿಸಿದ, 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯ ಅದನ್ನು ತಿಂಗಳುಗಟ್ಟಲೆ ಮುತ್ತಿತು, 1858ರಲ್ಲಿ ಮುಂಡರಗಿ ಭೀಮರಾಯ ಇಲ್ಲೇ ಕಾದಿ ಮಡಿದ. ಆಮೇಲೆ ಊರು ಹೈದರಾಬಾದಿನ ಸಾಲಾರ್ ಜಂಗ್ ನವಾಬರ ಜಹಗೀರಿಯಾಗಿತ್ತು. ಬೋಪಣ್ಣ ಮತ್ತು ದೇವಣ್ಣ ಕೊಟ್ಟ ಪ್ರತಿಮೆಗಳು ನವಾಬರ ಸಂಗ್ರಹಕ್ಕೆ ಸೇರಿದ್ದು ಈ ನಂಟಿನಿಂದಲೇ ಎಂದು ಅರ್ಥಮಾಡಿಕೊಳ್ಳಬಹುದು. ಕೊಪಣದ ಜೈನರು ಪೂಜಿಸಿದ ಮೂರ್ತಿಗಳನ್ನು ನೋಡಬೇಕೆಂದರೆ ಇಂದು ಮೂಸಿ ನದಿಯ ದಂಡೆಯ ಮ್ಯೂಸಿಯಮ್ಮಿಗೆ ಹೋಗಬೇಕು.

ಬಂಡೆಯ ಬರಹಗಳನ್ನು ಹೊತ್ತೊಯ್ಯಲು ಆಗಲಿಲ್ಲ. 1931ರಲ್ಲಿ ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿ ಎಂಬ ಲಿಂಗಾಯತ ವಿದ್ವಾಂಸರು ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳನ್ನು ಗುರುತಿಸಿದರು. ಮರುವರ್ಷ ಟರ್ನರ್ ಎಂಬ ಇಂಗ್ಲಿಷ್ ವಿದ್ವಾಂಸರು ಅವನ್ನು ಓದಿ ಪ್ರಕಟಿಸಿದರು. 1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಕೊಪ್ಪಳದ ಕನ್ನಡ ಶಾಸನಗಳನ್ನು ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ತಂದರು. ಸರ್ವಣಂದಿ, ಸಿಂಹನಂದಿ, ಚಾವಯ್ಯ ಎಲ್ಲರೂ ಮತ್ತೆ ಕನ್ನಡಿಗರ ಬಾಯಿಗೆ ಬಂದದ್ದು ಆಗ. ಬೌದ್ಧ ಅರಸನ ಬರಹ, ಜೈನ ಮುನಿಗಳ ಗವಿ, ಲಿಂಗಾಯತರ ಮಠ, ಇವು ಮೂರೂ ಒಂದೇ ಗುಡ್ಡದ ಸಾಲಿನಲ್ಲಿವೆ. ಹಿಂದಿನದನ್ನು ಬೆಳಕಿಗೆ ತಂದವರು ಆಮೇಲೆ ಬಂದ ಪರಂಪರೆಯವರು. ಶಾಸ್ತ್ರಿಗಳ ಹೆಸರು ಇಂದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು.

ಪ್ರತಿ ಜನವರಿಯ ಸುಮಾರಿಗೆ ಇದೇ ಗವಿಮಠದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಕೊಪ್ಪಳಕ್ಕೆ ಬರುತ್ತಾರೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಹಳ್ಳಿಗಳಿಂದ ರೊಟ್ಟಿ ಬುತ್ತಿ ಹೊತ್ತು ದಾಸೋಹಕ್ಕೆ ಕೊಡುವ ಜನ ಇವರು. ಅವರಲ್ಲಿ ನನ್ನದೊಂದು ಬೇಡಿಕೆ ಇದೆ. ತೇರು ನೋಡಿ, ಅಜ್ಜರಿಗೆ ಅಡ್ಡಬಿದ್ದು, ಪ್ರಸಾದ ಮುಗಿಸಿದ ಮೇಲೆ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿ. ಅಶೋಕನ ಸಾಲುಗಳನ್ನು ತೋರಿಸಿ, ಬೇರೆ ದಿನ ಪಾಲ್ಕಿಗುಂಡಿಗೂ ಹೋಗಿ ಚಾವಯ್ಯ ಮಾಡಿಸಿದ ಪಾದ ತೋರಿಸಿ. ಅಕ್ಷರದ ಮೇಲೆ ಸುಣ್ಣ, ಎಣ್ಣೆ, ಕುಂಕುಮ ಹಚ್ಚಬೇಡಿ, ನಿಮ್ಮ ಹೆಸರು ಗೀಚಬೇಡಿ, ಯಾರಾದರೂ ಹತ್ತಿರದಲ್ಲಿ ಕಲ್ಲು ಒಡೆಯಲು ಬಂದರೆ ತಡೆದು ತಹಶೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ. ಮೂರ್ತಿಗಳು ಹೈದರಾಬಾದಿನಲ್ಲಿವೆ, ಬಸದಿಗಳು ಇಲ್ಲ. ಬಂಡೆಯೊಂದು ನಮ್ಮ ಕೈಯಲ್ಲಿದೆ, ಅದನ್ನು ಕಾಯುವುದು ಈ ನಾಲ್ಕು ಊರಿನವರ ಹೊಣೆ.